ಪಾಠದ ಕೊನೆಗೆ ಅಂಟಿಸುವ ವೃತ್ತಿ ಮಾರ್ಗದರ್ಶನ

ಅಭ್ಯಾಸ ಬೋಧನೆಯ ದಿನಗಳಲ್ಲಿ ಭೌತವಿಜ್ಞಾನದ ಪಾಠಗಳನ್ನು ವೀಕ್ಷಿಸಿದವರಿಗೆಲ್ಲ ಒಂದು ವಾಕ್ಯ ಚಿರಪರಿಚಿತ. ಪೀಠಿಕೆ, ವಿಷಯ ಮಂಡನೆ, ಚಟುವಟಿಕೆ, ಮೌಲ್ಯಮಾಪನ ಎಲ್ಲ ಮುಗಿದು ಇನ್ನೇನು ಗಂಟೆ ಬಾರಿಸಬೇಕು ಎನ್ನುವಾಗ ಪ್ರಶಿಕ್ಷಣಾರ್ಥಿಯು, 'ಮಕ್ಕಳೇ, ಇದನ್ನು ಚೆನ್ನಾಗಿ ಓದಿದರೆ ನೀವೂ ಮುಂದೆ ಇಂಜಿನಿಯರ್ ಆಗಬಹುದು, ವಿಜ್ಞಾನಿ ಆಗಬಹುದು' ಎನ್ನುತ್ತಾರೆ. ಪಾಠ ಯೋಜನೆಯಲ್ಲಿ ಇದಕ್ಕೊಂದು ಅಂಕಣವಿದ್ದರೆ ಅದು ಭರ್ತಿಯಾಗುತ್ತದೆ. ವೀಕ್ಷಕರು ಸರಿ ಗುರುತು ಹಾಕುತ್ತಾರೆ. ಮಕ್ಕಳು ಪುಸ್ತಕ ಮಡಚುತ್ತಾರೆ.

ಈ ವಾಕ್ಯದಿಂದ ಯಾವ ಮಗುವಿಗೂ ಉಪಯೋಗವಿಲ್ಲ ಎಂಬುದು ನನ್ನ ಅಭಿಪ್ರಾಯ. ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿಯ ಶಾಲೆಗಳಲ್ಲಂತೂ ಇದು ಕೈಗೆ ಬಂದ ತುತ್ತನ್ನು ಬಾಯಿಗೆ ಇಡದೆ ಬಿಟ್ಟಂತೆ. ಪ್ರಪಂಚದ ಪ್ರಯೋಗಾಲಯಗಳಲ್ಲಿ ಇಂದು ಸಂಶೋಧನೆಗೆ ಒಳಗಾಗುತ್ತಿರುವ ವಸ್ತುವೊಂದು ಈ ಮಕ್ಕಳ ಮನೆಯ ಅಟ್ಟದ ಮೇಲೆ ರಾಶಿ ಬಿದ್ದಿದೆ. ನಾವು ಆವೀಕರಣದ ಪಾಠಕ್ಕೆ ಒದ್ದೆ ಬಟ್ಟೆಯ ಚಿತ್ರಪಟ ಬರೆಸುತ್ತೇವೆ.

ಉಂಡೆ ಕೊಬ್ಬರಿಯನ್ನೇ ನೋಡೋಣ. ಬಲಿತ ಕಾಯಿಯನ್ನು ಮಟ್ಟೆ ಸಮೇತ ಅಟ್ಟಕ್ಕೆ ಏರಿಸಿ ಎಂಟರಿಂದ ಹನ್ನೆರಡು ತಿಂಗಳು ಬಿಡುತ್ತಾರೆ. ಒಳಗಿನ ನೀರು ಕ್ರಮೇಣ ಇಂಗುತ್ತದೆ, ತಿರುಳು ಒಣಗಿ ಕುಗ್ಗಿ ಕರಟದಿಂದ ಬಿಡಿಸಿಕೊಳ್ಳುತ್ತದೆ, ಅಲ್ಲಾಡಿಸಿದರೆ ಒಳಗೆ ಉಂಡೆ ಹೊರಳುವ ಸದ್ದು ಕೇಳುತ್ತದೆ. ಹಸಿ ತಿರುಳಿನಲ್ಲಿ ಸುಮಾರು ಅರ್ಧ ಭಾಗ ನೀರು. ಒಳ್ಳೆಯ ಕೊಬ್ಬರಿಯಲ್ಲಿ ಅದು ಶೇಕಡ 6–7ಕ್ಕೆ ಇಳಿದಿರಬೇಕು. ಇಷ್ಟು ಹೇಳಿ ಮಕ್ಕಳಿಗೆ ಒಂದು ಲೆಕ್ಕ ಕೊಡಿ: ಶೇಕಡ 50 ತೇವವಿರುವ 100 ಕಿಲೋ ತಿರುಳು ಒಣಗಿ ಶೇಕಡ 7 ತೇವಕ್ಕೆ ಬಂದರೆ ಉಳಿಯುವ ತೂಕ ಎಷ್ಟು? ತರಗತಿಯ ಬಹುಪಾಲು 57 ಎನ್ನುತ್ತದೆ. ಪ್ರಶಿಕ್ಷಣಾರ್ಥಿಗಳಲ್ಲೂ ಅನೇಕರು ಹಾಗೇ ಎನ್ನುತ್ತಾರೆ. ಆದರೆ ನೀರಲ್ಲದ ಭಾಗ 50 ಕಿಲೋ ಹಾಗೆಯೇ ಉಳಿದಿದೆ, ಅದು ಈಗ ಹೊಸ ತೂಕದ ಶೇಕಡ 93. ಹಾಗಾಗಿ ಉತ್ತರ 54 ಕಿಲೋಗೆ ಸ್ವಲ್ಪ ಕಡಿಮೆ. ಶೇಕಡಾವಾರು ಎಂದರೆ ಯಾವುದರ ಶೇಕಡಾವಾರು ಎಂಬ ಪ್ರಶ್ನೆ ಇಲ್ಲಿ ಹುಟ್ಟುವಷ್ಟು ಸಹಜವಾಗಿ ಪಠ್ಯದ ಬಡ್ಡಿ ಲೆಕ್ಕದಲ್ಲಿ ಹುಟ್ಟುವುದಿಲ್ಲ.

ಹಾರಿಹೋದ ನೀರು ಸುಮಾರು 46 ಕಿಲೋ. ಒಂದು ಕಿಲೋ ನೀರು ಆವಿಯಾಗಲು ಬೇಕಾದ ಗುಪ್ತೋಷ್ಣ ಸುಮಾರು 22.6 ಲಕ್ಷ ಜೌಲ್ ಎಂದು ಮಕ್ಕಳು ಒಂಬತ್ತನೆಯ ತರಗತಿಯಲ್ಲಿ ಬಾಯಿಪಾಠ ಮಾಡಿರುತ್ತಾರೆ. ಗುಣಿಸಿದರೆ 10 ಕೋಟಿ ಜೌಲ್‌ಗೂ ಮೇಲೆ. ವಿದ್ಯುತ್ ಬಿಲ್ಲಿನ ಭಾಷೆಯಲ್ಲಿ ಹೇಳುವುದಾದರೆ 29 ಯೂನಿಟ್. ಅಟ್ಟ ಈ ಶಕ್ತಿಯನ್ನು ಹೆಂಚಿನ ಬಿಸಿಯಿಂದ, ಗಾಳಿಯಿಂದ, ಹಳೆಯ ಮನೆಗಳಲ್ಲಿ ಕೆಳಗಿನ ಒಲೆಯಿಂದ ಪುಕ್ಕಟೆಯಾಗಿ ಪಡೆಯುತ್ತದೆ. ಬೆಲೆಯನ್ನು ತಿಂಗಳುಗಳ ಲೆಕ್ಕದಲ್ಲಿ ತೆರುತ್ತದೆ. ಕಾಸರಗೋಡಿನ ಕೇಂದ್ರೀಯ ತೋಟಗಾರಿಕಾ ಬೆಳೆಗಳ ಸಂಶೋಧನಾ ಸಂಸ್ಥೆಯ ಇಂಜಿನಿಯರುಗಳು ಕರಟವನ್ನೇ ಉರಿಸಿ, ಹೊಗೆ ತಾಗದಂತೆ ಬಿಸಿಗಾಳಿ ಹಾಯಿಸಿ, ಸಾವಿರ ಕಾಯಿಯ ಹೋಳುಗಳನ್ನು ಸುಮಾರು ಒಂದು ದಿನದಲ್ಲಿ ಒಣಗಿಸುವ ಯಂತ್ರ ರೂಪಿಸಿದ್ದಾರೆ. ಒಂದು ಕಿಲೋ ಕರಟ ಉರಿದರೆ ಸುಮಾರು 2 ಕೋಟಿ ಜೌಲ್ ಶಾಖ ಬರುತ್ತದೆ. ಅಂದರೆ ನಮ್ಮ 46 ಕಿಲೋ ನೀರಿಗೆ ಐದೂಕಾಲು ಕಿಲೋ ಕರಟ ಸಾಕಾಗಬೇಕು. ವಾಸ್ತವದಲ್ಲಿ ಅದಕ್ಕಿಂತ ಬಹಳ ಹೆಚ್ಚು ಬೇಕು. ಉಳಿದ ಶಾಖ ಎಲ್ಲಿ ಹೋಯಿತು ಎಂದು ಹುಡುಕುವುದೇ ಇಂಜಿನಿಯರಿಂಗ್. ಈ ಒಂದು ಪ್ರಶ್ನೆಯನ್ನು ಹತ್ತು ನಿಮಿಷ ಬೆನ್ನಟ್ಟಿದ ಮಗುವಿಗೆ 'ನೀನು ಇಂಜಿನಿಯರ್ ಆಗಬಹುದು' ಎಂದು ಹೇಳುವ ಅಗತ್ಯ ಬೀಳುವುದಿಲ್ಲ. ಇಂಜಿನಿಯರ್ ಮಾಡುವ ಕೆಲಸವನ್ನು ಅದು ಆಗಲೇ ಮಾಡಿರುತ್ತದೆ.

ಹೋಳು ಕೊಬ್ಬರಿಗೆ ಒಂದು ದಿನ ಸಾಕು, ಉಂಡೆ ಕೊಬ್ಬರಿಗೆ ಒಂದು ವರ್ಷ ಏಕೆ? ಕರಟ ಒಡೆಯದೆ ನೀರನ್ನು ಹೊರಗೆ ತರುವುದು ಎಂದರೆ ಏನು? ಶಾಖ ಹೆಚ್ಚಿಸಿದರೆ ಹೊರಪದರ ಮೊದಲು ಬಿರುಸಾಗಿ ಒಳಗಿನ ತೇವ ಅಲ್ಲೇ ಸಿಕ್ಕಿಕೊಳ್ಳುವುದಿಲ್ಲವೇ? ಇವು ಪಠ್ಯಪುಸ್ತಕದ ಹಿಂದಿನ ಪುಟದಲ್ಲಿ ಉತ್ತರವಿರುವ ಪ್ರಶ್ನೆಗಳಲ್ಲ. ಪ್ರಶಿಕ್ಷಣಾರ್ಥಿಗಳು ಇಂಥ ಪ್ರಶ್ನೆಯನ್ನು ಕಂಡರೆ ಹಿಂಜರಿಯುತ್ತಾರೆ, ಏಕೆಂದರೆ ಪಾಠ ಯೋಜನೆಯ 'ನಿರೀಕ್ಷಿತ ಉತ್ತರ' ಎಂಬ ಕಾಲಂ ಖಾಲಿ ಬಿಡುವ ಹಾಗಿಲ್ಲ. ಬಿಡಬಹುದು ಎಂದು ನಾವು, ಅಂದರೆ ತರಬೇತಿ ಕೊಡುವವರು, ಮೊದಲು ಒಪ್ಪಬೇಕು.

ಇನ್ನು ಸದ್ದಿನ ವಿಷಯ. ನಮ್ಮ ಕಡೆ ಕಾಯಿಯನ್ನು ಬೆರಳ ಗೆಣ್ಣಿನಿಂದ ತಟ್ಟಿ, ಕಿವಿಯ ಹತ್ತಿರ ಅಲ್ಲಾಡಿಸಿ, ಬಲಿತಿದೆಯೋ ಇಲ್ಲವೋ ಹೇಳುವವರು ಊರಿಗೆ ಹತ್ತು ಜನ ಸಿಗುತ್ತಾರೆ. 2020ರಲ್ಲಿ ಫಿಲಿಪ್ಪೀನ್ಸ್‌ನ ಸಂಶೋಧಕರು ಇದೇ ವಿದ್ಯೆಯನ್ನು ಕಂಪ್ಯೂಟರಿಗೆ ಕಲಿಸಿದ ಪ್ರಬಂಧ ಪ್ರಕಟಿಸಿದರು. ಕಾಯಿಯನ್ನು ಒಂದೇ ಬಲದಿಂದ ತಟ್ಟಿ, ಸದ್ದನ್ನು ದಾಖಲಿಸಿ, ಎಳೆಯದು, ಬಲಿತದ್ದು, ಅತಿಯಾಗಿ ಬಲಿತದ್ದು ಎಂದು ಯಂತ್ರಕಲಿಕೆಯಿಂದ ವಿಂಗಡಿಸುವ ಪ್ರಯತ್ನ ಅದು. ಅವರು ಬಳಸಿದ ಕಾಯಿಗಳು ಸುಮಾರು ನೂರಮೂವತ್ತು ಮಾತ್ರ. ನಮ್ಮ ಒಂದು ಅಟ್ಟದಲ್ಲಿ ಅದರ ಹಲವು ಪಟ್ಟು ಇರುತ್ತವೆ. ಶಬ್ದದ ಪಾಠದಲ್ಲಿ ಆವೃತ್ತಿ ಎಂಬ ಪದಕ್ಕೆ ಶ್ರುತಿಕವೆಯನ್ನಷ್ಟೇ ತೋರಿಸುವ ನಾವು, ಮೊಬೈಲಿನಲ್ಲಿ ಉಚಿತವಾಗಿ ಸಿಗುವ ಶಬ್ದ ವಿಶ್ಲೇಷಣೆಯ ತಂತ್ರಾಂಶ ತೆರೆದು ಎರಡು ಕಾಯಿ ತಟ್ಟಿದರೆ ಸಾಕು. ಅಜ್ಜನ ತೀರ್ಮಾನ ಒಂದು ಕಡೆ, ಪರದೆಯ ಮೇಲಿನ ಗೆರೆ ಇನ್ನೊಂದು ಕಡೆ. ಎರಡೂ ಹೊಂದಿಕೆಯಾಗದಿದ್ದರೆ ಕಾಯಿ ಒಡೆದು ನೋಡಿದರಾಯಿತು. ಚಟ್ನಿಗೂ ಆಯಿತು.

2016ರಲ್ಲಿ ಜರ್ಮನಿಯ ಫ್ರೈಬರ್ಗ್ ವಿಶ್ವವಿದ್ಯಾಲಯದ ಸಸ್ಯತಜ್ಞರೂ ಸಿವಿಲ್ ಇಂಜಿನಿಯರುಗಳೂ ಕೂಡಿ, ಮೂವತ್ತು ಮೀಟರ್ ಎತ್ತರದ ಮರದಿಂದ ಬಿದ್ದರೂ ಕಾಯಿ ಏಕೆ ಒಡೆಯುವುದಿಲ್ಲ ಎಂದು ಪರೀಕ್ಷಿಸುತ್ತಿರುವುದಾಗಿ ತಿಳಿಸಿದರು. ಹೊರಗಿನ ತೊಗಲಿನಂಥ ಪದರ, ನಡುವಿನ ನಾರು, ಒಳಗಿನ ಕರಟ ಇವು ಹೊಡೆತದ ಶಕ್ತಿಯನ್ನು ಹಂಚಿಕೊಳ್ಳುವ ಬಗೆಯನ್ನು ಭೂಕಂಪ ತಡೆಯುವ ಕಟ್ಟಡಗಳಿಗೆ ಬಳಸಬಹುದೇ ಎಂಬುದು ಅವರ ಉದ್ದೇಶ. ನಾರಿನ ಕಥೆ ಇನ್ನೂ ಹತ್ತಿರದ್ದು: ತೆಂಗಿನ ನಾರಿನ ಬಲೆಹಾಸನ್ನು ರಸ್ತೆಯ ತಳಪಾಯದಲ್ಲಿ ಹಾಸಲು ಪ್ರಧಾನಮಂತ್ರಿ ಗ್ರಾಮ ಸಡಕ್ ಯೋಜನೆಯ ಮೂರನೆಯ ಹಂತಕ್ಕೆ 2020ರಲ್ಲಿ ಕೇಂದ್ರ ಸರ್ಕಾರ ಒಪ್ಪಿಗೆ ಕೊಟ್ಟಿತು. ಕೊಬ್ಬರಿ ಎಣ್ಣೆ ಸುಮಾರು 24 ಡಿಗ್ರಿಗೆ ಕರಗುತ್ತದೆ ಎಂಬುದನ್ನು ಹೇಳಿಯೇ ಕೊಡಬೇಕಿಲ್ಲ. ಧನುರ್ಮಾಸದ ಬೆಳಗ್ಗೆ ಎಣ್ಣೆ ಶೀಶೆಯನ್ನು ಬಿಸಿಲಿಗಿಟ್ಟ ಮಗುವಿಗೆ ದ್ರವನ ಬಿಂದು ಗೊತ್ತೇ ಇದೆ, ಹೆಸರು ಗೊತ್ತಿಲ್ಲ ಅಷ್ಟೆ.

ಇದೆಲ್ಲ ಬೋಧನೋಪಕರಣದ ಮಾತಾಯಿತು, ವೃತ್ತಿಗೂ ಇದಕ್ಕೂ ಏನು ಸಂಬಂಧ ಎಂದು ಕೇಳಬಹುದು. ವಿದ್ಯಾರ್ಥಿಗಳ ವೃತ್ತಿ ಆಯ್ಕೆಯ ಬಗ್ಗೆ ನಡೆದಿರುವ ಸಂಶೋಧನೆ ಇಲ್ಲಿ ನೆರವಿಗೆ ಬರುತ್ತದೆ. ಲಂಡನ್ನಿನ ಕಿಂಗ್ಸ್ ಕಾಲೇಜಿನಲ್ಲಿ ಲೂಯಿಸ್ ಆರ್ಚರ್ ಮತ್ತು ಅವರ ಸಂಗಡಿಗರು 2009ರಿಂದ 10–14 ವಯಸ್ಸಿನ ಮಕ್ಕಳ ಆಶಯಗಳನ್ನು ಬೆನ್ನುಹತ್ತಿ ಅಧ್ಯಯನ ಮಾಡಿದರು. ಹೆಚ್ಚಿನ ಮಕ್ಕಳಿಗೆ ವಿಜ್ಞಾನದ ಪಾಠ ಇಷ್ಟ. ಆದರೆ ವಿಜ್ಞಾನಿಯಾಗಬೇಕು ಎಂದವರು ಸುಮಾರು ಶೇಕಡ 15 ಮಾತ್ರ. ವಿಜ್ಞಾನವನ್ನು ಮಾಡುವುದು ಬೇರೆ, ವಿಜ್ಞಾನದವರಾಗುವುದು ಬೇರೆ ಎಂದು ಮಕ್ಕಳು ಭಾವಿಸಿದ್ದರು. ಮನೆಯಲ್ಲಿ ಯಾರಿಗೆ ವಿಜ್ಞಾನ ಗೊತ್ತು, ಯಾರ ಪರಿಚಯವಿದೆ, ಊಟದ ಹೊತ್ತಿನಲ್ಲಿ ಏನು ಮಾತು ಬರುತ್ತದೆ, ಇವೆಲ್ಲ ಸೇರಿದ್ದನ್ನು ಅವರು 'ವಿಜ್ಞಾನದ ಬಂಡವಾಳ' ಎಂದು ಕರೆದರು. ಆಯ್ಕೆ ನಿಂತಿರುವುದು ಅದರ ಮೇಲೆ. ಆಸಕ್ತಿ ಹುಟ್ಟಿಸಿದರೆ ಸಾಕು ಎಂಬ ನಮ್ಮ ಹಳೆಯ ನಂಬಿಕೆಗೆ ಇದು ದೊಡ್ಡ ಪೆಟ್ಟು.

ಇದನ್ನು ನಮ್ಮ ತಾಲ್ಲೂಕುಗಳಿಗೆ ತಂದು ನೋಡಿದರೆ ಒಂದು ವಿಚಿತ್ರ ಕಾಣುತ್ತದೆ. ಇಲ್ಲಿನ ಮನೆಗಳಲ್ಲಿ ಆ ಬಂಡವಾಳ ಇಲ್ಲವೆಂದಲ್ಲ, ಅದನ್ನು ಯಾರೂ ವಿಜ್ಞಾನ ಎಂದು ಕರೆದಿಲ್ಲ. ತೇವ ಹೆಚ್ಚಿದ್ದರೆ ಕೊಬ್ಬರಿ ಬೂಷ್ಟು ಹಿಡಿಯುತ್ತದೆ ಎಂದು ತಿಳಿದ ತಾಯಿ, ಮಾರುಕಟ್ಟೆಯಲ್ಲಿ ತೇವದ ಬಗ್ಗೆ ವಾದ ಮಾಡುವ ತಂದೆ ಇಬ್ಬರೂ ಮಾಪನದ ಜಗತ್ತಿನಲ್ಲೇ ಇದ್ದಾರೆ. 2025ರ ಹಂಗಾಮಿಗೆ ಉಂಡೆ ಕೊಬ್ಬರಿಯ ಬೆಂಬಲ ಬೆಲೆ ಕ್ವಿಂಟಲ್‌ಗೆ 12,100 ರೂಪಾಯಿ. ಆ ದರದಲ್ಲಿ ಶೇಕಡ ಒಂದು ತೇವ ಎಂದರೆ 121 ರೂಪಾಯಿ. ಆ ವರ್ಷ ತಿಪಟೂರು ಮಾರುಕಟ್ಟೆಯಲ್ಲಿ ಧಾರಣೆ ಬೆಂಬಲ ಬೆಲೆಯ ಎರಡು ಪಟ್ಟನ್ನೂ ದಾಟಿತ್ತು. ಆಗ ಅದೇ ಒಂದು ಶೇಕಡ ಇನ್ನೂರೈವತ್ತರ ಹತ್ತಿರ. ಇದನ್ನು ಅಳೆಯುವುದು ಒಂದು ಉದ್ಯೋಗ, ಅಳೆಯುವ ಸಾಧನ ಮಾಡುವುದು ಇನ್ನೊಂದು, ಆ ಸಾಧನ ಸರಿಯಾಗಿದೆಯೇ ಎಂದು ಪರೀಕ್ಷಿಸುವುದು ಮತ್ತೊಂದು. ಮಕ್ಕಳಿಗೆ ಡಾಕ್ಟರು, ಇಂಜಿನಿಯರು ಎಂಬ ಎರಡು ಪದಗಳ ನಡುವೆ ಇರುವ ಈ ನೂರಾರು ಕೆಲಸಗಳ ಹೆಸರೇ ತಿಳಿದಿಲ್ಲ.

ಇಲ್ಲೊಂದು ಎಚ್ಚರಿಕೆ ಅಗತ್ಯ, ಮತ್ತು ಈ ಲೇಖನ ಬರೆಯಲು ಮುಖ್ಯ ಕಾರಣವೂ ಅದೇ. 2020ರ ರಾಷ್ಟ್ರೀಯ ಶಿಕ್ಷಣ ನೀತಿ 6ರಿಂದ 8ನೇ ತರಗತಿಯ ಮಕ್ಕಳಿಗೆ ಹತ್ತು ದಿನ ಚೀಲವಿಲ್ಲದೆ ಸ್ಥಳೀಯ ಕಸುಬುಗಾರರ ಜೊತೆ ಕಳೆಯುವ ಅವಕಾಶ ಹೇಳುತ್ತದೆ. ಒಳ್ಳೆಯದೇ. ಆದರೆ 'ಸ್ಥಳೀಯ ಕಸುಬು' ಎಂಬ ಮಾತು ಎಲ್ಲ ಮಕ್ಕಳ ಕಿವಿಗೂ ಒಂದೇ ರೀತಿ ಬೀಳುವುದಿಲ್ಲ. ತೋಟದ ಒಡೆಯರ ಮಗನಿಗೆ ಕೊಬ್ಬರಿ ಎಂದರೆ ಆಸ್ತಿ. ಕಾಯಿ ಸುಲಿಯುವವರ, ಮರ ಹತ್ತುವವರ, ಕೊಬ್ಬರಿ ಬಿಡಿಸುವ ಕೂಲಿಗೆ ಹೋಗುವವರ ಮಗಳಿಗೆ ಅದು ಬೆನ್ನು ನೋವು. ಅವಳ ಎದುರು ನಿಂತು 'ನಿಮ್ಮ ಕಸುಬಿನಲ್ಲೇ ವಿಜ್ಞಾನವಿದೆ' ಎಂದರೆ, 'ನೀನು ಅಲ್ಲಿಯೇ ಇರು' ಎಂದಂತೆ ಕೇಳಿಸಬಹುದು. ಮದ್ರಾಸ್ ರಾಜ್ಯದಲ್ಲಿ 1953ರಲ್ಲಿ ರಾಜಾಜಿಯವರು ಅರ್ಧ ದಿನ ಶಾಲೆ, ಉಳಿದ ಹೊತ್ತು ಮನೆಯ ಕಸುಬು ಎಂಬ ಯೋಜನೆ ತಂದಾಗ ಜನ ಅದನ್ನು ಕುಲಕಸುಬಿನ ಶಿಕ್ಷಣ ಎಂದು ವಿರೋಧಿಸಿದರು. ಮರುವರ್ಷವೇ ಅದನ್ನು ಕೈಬಿಡಬೇಕಾಯಿತು. ಆ ವಿರೋಧದಲ್ಲಿ ಇದ್ದ ನ್ಯಾಯ ಇಂದಿಗೂ ಹಳತಾಗಿಲ್ಲ.

ಆದ್ದರಿಂದ ನಾನು ಹೇಳುತ್ತಿರುವುದು ಕಸುಬಿನ ಪಾಠವನ್ನಲ್ಲ. ಕಾಯಿ ಸುಲಿಯುವುದನ್ನು ತರಗತಿಯಲ್ಲಿ ಕಲಿಸಬೇಕಿಲ್ಲ, ಈ ಊರಿನ ಅರ್ಧ ಮಕ್ಕಳಿಗೆ ಅದು ನಮಗಿಂತ ಚೆನ್ನಾಗಿ ಬರುತ್ತದೆ. ಸುಲಿಯಲು ಎಷ್ಟು ಬಲ ಬೇಕು, ಸನ್ನೆಗೋಲಿನ ಉದ್ದ ಹೆಚ್ಚಿಸಿದರೆ ಬೆನ್ನಿಗೆ ಏನಾಗುತ್ತದೆ, ಮರ ಹತ್ತುವ ಯಂತ್ರದಲ್ಲಿ ಕಾಲು ಜಾರಿದರೆ ದೇಹವನ್ನು ಹಿಡಿದಿಡುವುದು ಯಾವ ಘರ್ಷಣೆ ಎಂದು ಕೇಳಬೇಕು. ತೆಂಗು ಅಭಿವೃದ್ಧಿ ಮಂಡಳಿ 2011ರಲ್ಲಿ ಆರಂಭಿಸಿದ ತೆಂಗಿನ ಮರದ ಗೆಳೆಯರು ತರಬೇತಿಯಲ್ಲಿ ಹೆಂಗಸರೂ ಯಂತ್ರದ ನೆರವಿನಿಂದ ಮರ ಹತ್ತಲು ಕಲಿತರು. ಆ ಯಂತ್ರವನ್ನು ಬಳಸುವುದು ಒಂದು ಕೆಲಸ, ಅದನ್ನು ಬದಲಾಯಿಸಿ ಇನ್ನಷ್ಟು ಸುರಕ್ಷಿತ ಮಾಡುವುದು ಬೇರೊಂದು ಕೆಲಸ. ಎರಡನೆಯದರ ದಾರಿ ಎಲ್ಲ ಮಕ್ಕಳಿಗೂ ಕಾಣುವಂತೆ ತೆರೆದಿಡುವುದು ಶಿಕ್ಷಕರ ಹೊಣೆ. ಪಿ.ಯು.ನಲ್ಲಿ ಯಾವ ವಿಷಯ ತೆಗೆದುಕೊಳ್ಳಬೇಕು, ಡಿಪ್ಲೊಮಾ ಮುಗಿಸಿ ಎರಡನೆಯ ವರ್ಷಕ್ಕೆ ನೇರವಾಗಿ ಇಂಜಿನಿಯರಿಂಗ್ ಸೇರುವುದು ಹೇಗೆ, ವಿದ್ಯಾರ್ಥಿವೇತನ ಯಾವಾಗ ಕರೆಯುತ್ತಾರೆ ಎಂಬ ಒಣ ಮಾಹಿತಿಯೂ ಇದರಲ್ಲಿ ಸೇರಬೇಕು. ಬಂಡವಾಳವಿಲ್ಲದ ಮನೆಯ ಮಗುವಿಗೆ ಸ್ಫೂರ್ತಿಗಿಂತ ಮೊದಲು ಬೇಕಾದ್ದು ಅರ್ಜಿಯ ಕೊನೆಯ ದಿನಾಂಕ.

ಹುಡುಗಿಯರ ವಿಷಯವನ್ನೂ ಪ್ರತ್ಯೇಕವಾಗಿ ಹೇಳಬೇಕು. ವಿಜ್ಞಾನಿಯ ಚಿತ್ರ ಬರೆಯಿರಿ ಎಂಬ ಪರೀಕ್ಷೆಯ ಫಲಿತಾಂಶವನ್ನು ಡೇವಿಡ್ ಚೇಂಬರ್ಸ್ 1983ರಲ್ಲಿ ಪ್ರಕಟಿಸಿದಾಗ 4,807 ಮಕ್ಕಳಲ್ಲಿ 28 ಮಂದಿ ಮಾತ್ರ ಮಹಿಳಾ ವಿಜ್ಞಾನಿಯನ್ನು ಬರೆದಿದ್ದರು, ಅವರೆಲ್ಲ ಹುಡುಗಿಯರು. ಮುಂದಿನ ದಶಕಗಳ ಅಮೆರಿಕದ ಚಿತ್ರಗಳನ್ನು ಒಟ್ಟುಗೂಡಿಸಿದ 2018ರ ವಿಶ್ಲೇಷಣೆಯಲ್ಲಿ ಈ ಪ್ರಮಾಣ ಸರಾಸರಿ ಶೇಕಡ 28ಕ್ಕೆ ಏರಿತ್ತು. ಬದಲಾವಣೆ ಸಾಧ್ಯ ಎಂದಾಯಿತು. ಪ್ರಶಿಕ್ಷಣಾರ್ಥಿಗಳು ಈ ಪರೀಕ್ಷೆಯನ್ನು ತಮ್ಮ ಅಭ್ಯಾಸ ಶಾಲೆಯಲ್ಲಿ ಒಂದು ಅವಧಿಯಲ್ಲಿ ಮಾಡಬಹುದು, ಬಿಳಿ ಹಾಳೆ ಬಿಟ್ಟರೆ ಬೇರೆ ಖರ್ಚಿಲ್ಲ. ಬಂದ ಚಿತ್ರಗಳಲ್ಲಿ ಎಷ್ಟು ಮಂದಿ ತೋಟದಲ್ಲಿ ನಿಂತಿದ್ದಾರೆ ಎಂಬುದನ್ನೂ ಎಣಿಸಲಿ.

ತರಬೇತಿಯಲ್ಲಿ ಏನು ಬದಲಾಗಬೇಕು? ವೀಕ್ಷಣಾ ಪಟ್ಟಿಯ 'ವೃತ್ತಿ ಮಾರ್ಗದರ್ಶನ ನೀಡಿದ್ದಾರೆಯೇ' ಎಂಬ ಸಾಲನ್ನು ತೆಗೆದು 'ಈ ಪಾಠದ ತತ್ತ್ವವನ್ನು ಬಳಸುವ ಒಬ್ಬ ವ್ಯಕ್ತಿಯ ಕೆಲಸವನ್ನು ಮಕ್ಕಳು ವಿವರಿಸಬಲ್ಲರೇ' ಎಂದು ಬರೆದರೆ ಅರ್ಧ ಕೆಲಸ ಆದಂತೆ. ಅಂಥ ವ್ಯಕ್ತಿಗಳು ದೂರವಿಲ್ಲ. ಕೊನೇಹಳ್ಳಿಯಲ್ಲಿ ಕೃಷಿ ವಿಜ್ಞಾನ ಕೇಂದ್ರವಿದೆ, ಅರಸೀಕೆರೆಯಲ್ಲಿ ತೆಂಗಿನ ಸಂಶೋಧನೆ ನಡೆಯುತ್ತದೆ, ತಿಪಟೂರಿನಲ್ಲೇ ಇಂಜಿನಿಯರಿಂಗ್ ಕಾಲೇಜಿದೆ. ಅತಿಥಿ ಭಾಷಣ ಬೇಡ. ಮಕ್ಕಳು ಬರೆದ ಮೂರು ಪ್ರಶ್ನೆಗಳಿಗೆ ಅವರು ಉತ್ತರ ಕಳಿಸಿದರೆ ಸಾಕು.

ಇನ್ನೊಂದು ಪ್ರಾಯೋಗಿಕ ಸಲಹೆ. ಬಿ.ಇಡಿ. ಎರಡನೆಯ ವರ್ಷದ ಶಾಲಾ ಇಂಟರ್ನ್‌ಶಿಪ್ 16 ವಾರ. ಅಟ್ಟದ ಕೊಬ್ಬರಿಗೆ ಹತ್ತು ತಿಂಗಳು ಬೇಕು. ಈ ಕಾರಣಕ್ಕೇ ಯಾರೂ ಈ ಪ್ರಯೋಗಕ್ಕೆ ಕೈ ಹಾಕುವುದಿಲ್ಲ. ಆದರೆ ಒಂದು ತಂಡ ಶುರು ಮಾಡಿದ್ದನ್ನು ಮುಂದಿನ ತಂಡ ಮುಗಿಸಬಾರದೆಂದು ಎಲ್ಲಿ ಬರೆದಿದೆ? ಹತ್ತು ಕಾಯಿಗೆ ಬಣ್ಣದಿಂದ ಸಂಖ್ಯೆ ಬರೆದು, ಇಲಿಗೆ ಸಿಗದಂತೆ ಬಲೆಚೀಲದಲ್ಲಿ ಶಾಲೆಯ ಹತ್ತಿರದ ಒಂದು ಮನೆಯ ಅಟ್ಟದಲ್ಲಿ ತೂಗುಹಾಕಿ, ತಿಂಗಳಿಗೊಮ್ಮೆ ಇಳಿಸಿ ತೂಗಿ, ತಟ್ಟಿದ ಸದ್ದನ್ನು ದಾಖಲಿಸಿ ಮತ್ತೆ ಏರಿಸುವುದು. ನಡುವಿನ ತಿಂಗಳುಗಳ ತೂಕವನ್ನು ಒಂಬತ್ತನೆಯ ತರಗತಿಯವರೇ ಬರೆದಿಡುತ್ತಾರೆ, ಅವರು ಹತ್ತಕ್ಕೆ ಬರುವ ಹೊತ್ತಿಗೆ ನಕ್ಷೆ ಸಿದ್ಧವಾಗಿರುತ್ತದೆ. ತೂಕದ ಪುಸ್ತಕ ಯಾವ ಬೀರುವಿನಲ್ಲಿದೆ ಎಂಬುದನ್ನು ಮಾತ್ರ ಹೋಗುವ ತಂಡ ಬರುವ ತಂಡಕ್ಕೆ ಮರೆಯದೆ ಹೇಳಬೇಕು.