‘ಬೇಡ’ ಎನ್ನುವಾಗ ಎಚ್ಚರ!

1997ರಲ್ಲಿ ಸ್ಥಾಪನೆಯಾದ ಟೊಯೊಟಾ ಕಿರ್ಲೋಸ್ಕರ್ ಮೋಟರ್ ಬಿಡದಿ ಕೈಗಾರಿಕಾ ಪ್ರದೇಶದಲ್ಲಿ ಕಾರು ತಯಾರಿಸತೊಡಗಿದ ಮೇಲೆ ಸುತ್ತಲಿನ ಐಟಿಐ, ಡಿಪ್ಲೊಮಾ ವಿದ್ಯಾರ್ಥಿಗಳಿಗೆ ಜಪಾನಿ ಭಾಷೆ ತೀರ ದೂರದ್ದಾಗಿ ಉಳಿದಿಲ್ಲ. ಯಂತ್ರಗಳ ನಡುವೆ ದುಡಿಯುವವರಿಗೆ ‘ಮಾಡು’ ಎಂಬ ಮಾತಿನಷ್ಟೇ ‘ಮಾಡಬೇಡ’ ಎಂಬುದೂ ಮುಖ್ಯ. ಈ ವಾರ ಅದನ್ನೇ ನೋಡೋಣ.

ಮೊದಲು ನಮ್ಮ ಕನ್ನಡ. ‘ಹೋಗು’ ಧಾತುವಿಗೆ ಆಜ್ಞೆಯೂ ‘ಹೋಗು’. ಆದರೆ ‘ಬರು’ ಧಾತು ‘ಬಾ’ ಆಗುತ್ತದೆ, ‘ತರು’ ಎಂಬುದು ‘ತಾ’ ಆಗುತ್ತದೆ. ನಿಷೇಧದಲ್ಲಿ ಈ ವಕ್ರತೆ ಮಾಯ: ಬರಬೇಡ, ತರಬೇಡ. ‘ಬಾಬೇಡ’ ಎಂದು ಯಾರೂ ಹೇಳುವುದಿಲ್ಲ.

ಜಪಾನಿಯಲ್ಲೂ ಹೀಗೆಯೇ. ನಿಯಮ ಮೀರುವ ಕ್ರಿಯಾಪದಗಳಲ್ಲಿ ಮುಖ್ಯವಾದವು ಎರಡು: ‘ಕುರು’ (ಬರು), ‘ಸುರು’ (ಮಾಡು). ಇವುಗಳ ಖಡಕ್ ಆಜ್ಞೆ ‘ಕೊಯ್’, ‘ಶಿರೊ’. ನಿಷೇಧಕ್ಕೆ ಮಾತ್ರ ಮೂಲರೂಪದ ಮುಂದೆ ‘ನ’ ಸೇರಿಸಿದರೆ ಸಾಕು: ಕುರು ನ (ಬರಬೇಡ), ಸುರು ನ (ಮಾಡಬೇಡ).

ಎಚ್ಚರ ಬೇಕಾದದ್ದು ಇಲ್ಲಿ. ‘ಶಿನಸೈ’ ಎಂದರೆ ‘ಮಾಡು’. ಆಡುಮಾತಿನಲ್ಲಿ ಅದು ‘ಶಿನ’ ಎಂದು ಮೊಟಕಾಗುವುದುಂಟು. ಅಲ್ಲಿಗೆ ‘ಸುರು ನ’ ಎಂದರೆ ಮಾಡಬೇಡ, ‘ಶಿನ’ ಎಂದರೆ ಮಾಡು! ‘ಮುಟ್ಟು’ ಎಂಬುದಕ್ಕೆ ಜಪಾನಿ ಪದ ‘ಸವರು’. ನಮ್ಮ ‘ಸವರು’ ನೆನೆದರೆ ಮರೆಯುವುದಿಲ್ಲ. ‘ಸವರು ನ’ ಎಂದರೆ ಮುಟ್ಟಬೇಡ, ‘ಸವರಿನ’ ಎಂದರೆ ಮುಟ್ಟು. ಬಿಸಿ ಯಂತ್ರದ ಮುಂದೆ ಈ ಒಂದು ಸ್ವರದ ವ್ಯತ್ಯಾಸ ಸಣ್ಣದಲ್ಲ. ಆದ್ದರಿಂದ ‘ನ’ ಕೇಳಿದೊಡನೆ ನಿರ್ಧರಿಸದೆ ಅದರ ಹಿಂದಿನ ಅಕ್ಷರವನ್ನು ಗಮನಿಸಿ.

‘ನ’ ರೂಪ ಒರಟು. ಅಪಾಯದ ಕೂಗಿಗೆ, ಎಚ್ಚರಿಕೆಯ ಫಲಕಕ್ಕೆ ಸರಿ, ಮೇಲ್ವಿಚಾರಕರಿಗೆ ಹೇಳುವಂತಿಲ್ಲ. ಅವರೊಡನೆ ‘ನೈದೆ ಕುದಸೈ’ ಬಳಸಬೇಕು. ಇಲ್ಲಿ ವಕ್ರತೆ ಮರಳಿ ಬರುತ್ತದೆ: ಕುರು ‘ಕೊ’ ಆಗುತ್ತದೆ, ಸುರು ‘ಶಿ’ ಆಗುತ್ತದೆ. ಕೊನೈದೆ ಕುದಸೈ (ದಯವಿಟ್ಟು ಬರಬೇಡಿ), ಶಿನೈದೆ ಕುದಸೈ (ದಯವಿಟ್ಟು ಮಾಡಬೇಡಿ). ಇವೆರಡನ್ನು ಬಾಯಿಪಾಠ ಮಾಡದೆ ಗತಿಯಿಲ್ಲ.

ಪಾಲಕರಿಗೊಂದು ಮಾತು: ನಿಮಗೆ ಜಪಾನಿ ಬಾರದಿದ್ದರೂ ಚಿಂತೆಯಿಲ್ಲ. ಮೇಲಿನ ಪದಗಳನ್ನು ಕೈಯಲ್ಲಿ ಹಿಡಿದು ಮಕ್ಕಳಿಂದ ಗಟ್ಟಿಯಾಗಿ ಹೇಳಿಸಿ. ‘ರು’ ಇರುವಲ್ಲಿ ‘ರಿ’ ಬಂದರೆ ನಿಮ್ಮ ಕಿವಿಗೇ ಗೊತ್ತಾಗುತ್ತದೆ.

ಅಭ್ಯಾಸ: ‘ನ’ ಸೇರಿಸಿ ನಿಷೇಧಿಸಿ. 1. ಇಕು (ಹೋಗು) 2. ತಬೆರು (ತಿನ್ನು). ಸವಿನಯವಾಗಿ ನಿಷೇಧಿಸಿ. 3. ಸುರು.

ಉತ್ತರ: 1. ಇಕು ನ 2. ತಬೆರು ನ 3. ಶಿನೈದೆ ಕುದಸೈ.