ಐನೂರ ಒಂದನೇ ಯೂನಿಟ್ಟು

ತಮಿಳುನಾಡಿನ ಗಡಿಯೂರು ಹಾಸನೂರಿನ ಯಾವ ಟೀ ಅಂಗಡಿಯಲ್ಲಿ ಕೂತರೂ ಒಂದೇ ಗೋಳು: ಕರೆಂಟ್ ಬಿಲ್ಲು ಕಟ್ಟಿ ಸಾಕಾಯ್ತು. ಗೋಳು ಸುಳ್ಳಲ್ಲ. 2022ರ ಸೆಪ್ಟೆಂಬರಿನಲ್ಲಿ ತಮಿಳುನಾಡು ದರ ಏರಿಸಿದಾಗ, ಎರಡು ತಿಂಗಳಿಗೆ 500 ಯೂನಿಟ್ ಉರಿಸುವ ಮನೆಯ ಬಿಲ್ಲು 1,130 ರೂಪಾಯಿಯಿಂದ 1,725ಕ್ಕೆ ಹಾರಿತು. 2024ರಲ್ಲಿ ದರ ಮತ್ತೆ ಏರಿತು. ಕೂಲಿ ಮಾಡಿ ತಿನ್ನುವ ಮನೆಗೆ ಇದು ಸಣ್ಣ ಪೆಟ್ಟಲ್ಲ. ಆದರೂ ಕೇಳುತ್ತೇನೆ: ಇಬಿಯವರು, ಅಂದರೆ ವಿದ್ಯುತ್ ಮಂಡಳಿಯವರು, ಮೀಟರ್ ರೀಡಿಂಗ್ ಬರೆದುಹೋಗುವ ಕಾರ್ಡನ್ನು ನೀವು ಯಾವತ್ತಾದರೂ ತೆಗೆದು ನೋಡಿದ್ದೀರಾ? ಎಷ್ಟೋ ಮನೆಗಳಲ್ಲಿ ಅದು ಕ್ಯಾಲೆಂಡರಿನ ಹಿಂದೆ ಮಸಿ ಹಿಡಿದು ಕೂತಿದೆ.

ನೋಡಿದ್ದರೆ ಗೊತ್ತಾಗುತ್ತಿತ್ತು. 2022ರ ಆ ದರದಲ್ಲಿ 500 ಯೂನಿಟ್ಟಿಗೆ 1,725 ರೂಪಾಯಿ, 501ಕ್ಕೆ 1,958. ಒಂದೇ ಒಂದು ಯೂನಿಟ್ಟಿಗೆ 233 ರೂಪಾಯಿ! 500ರ ಒಳಗಿದ್ದವರಿಗೆ ಎರಡನೇ ನೂರು ಯೂನಿಟ್ 2.25ರಂತೆ ಸಿಗುತ್ತಿತ್ತು, ಗೆರೆ ದಾಟಿದವರು ಅದೇ ನೂರಕ್ಕೆ 4.50ರಂತೆ ತೆರಬೇಕಿತ್ತು. ಎರಡು ಸಾವಿರ ವಾಟಿನ ಗೀಸರ್ ಅರ್ಧ ಗಂಟೆ ಉರಿದರೆ ಒಂದು ಯೂನಿಟ್. ಸ್ವಿಚ್ ಹಾಕಿ ಮರೆತು ದನ ಕಟ್ಟಲು ಹೋದಿರಲ್ಲ, ಆ ಅರ್ಧ ಗಂಟೆಯ ಲೆಕ್ಕ ಇದು.

ಆನೆ ಬರುತ್ತದೆಂದು ರಾತ್ರಿಯೆಲ್ಲ ಅಂಗಳದಲ್ಲಿ ದೀಪ ಉರಿಸುತ್ತೇವೆ. ಉರಿಸಲೇಬೇಕು, ಅದು ಜೀವದ ಪ್ರಶ್ನೆ. ಆದರೆ ಇನ್ನೂ 60 ವಾಟಿನ ಹಳೇ ಬಲ್ಬು ಯಾಕೆ? ರಾತ್ರಿ ಹನ್ನೆರಡು ಗಂಟೆಯಂತೆ ಉರಿದರೆ ಎರಡು ತಿಂಗಳಿಗೆ 43 ಯೂನಿಟ್. 9 ವಾಟಿನ ಎಲ್‌ಇಡಿಗೆ ಏಳು ಯೂನಿಟ್ಟೂ ಬೇಕಾಗಿಲ್ಲ.

ಅಂಗಡಿಯವರಿಗಂತೂ ಮನೆಗಳಿಗಿರುವಂತೆ ಫ್ರೀ ಯೂನಿಟ್ ಇಲ್ಲವೇ ಇಲ್ಲ. 2022ರ ಫೆಬ್ರವರಿಯಿಂದ ನಮ್ಮೂರಿಗೆ ಬರುವ ದಿಂಬಂ ಘಾಟಿಯಲ್ಲಿ ರಾತ್ರಿ ಸಂಚಾರಕ್ಕೆ ನಿರ್ಬಂಧವಿದೆ, ಲಾರಿಗಳು ನಿಂತಿವೆ, ವ್ಯಾಪಾರ ಕುಸಿದಿದೆ. ಹಾಗಿದ್ದೂ ಯಾರೂ ಬಾರದ ರಸ್ತೆಗೆ ಮುಖ ಮಾಡಿ ಬೋರ್ಡಿನ ದೀಪ ಹೊತ್ತು ಮೀರಿ ಉರಿಯುತ್ತದೆ. ಮೊನ್ನೆ ಒಂದು ಅಂಗಡಿಯಲ್ಲಿ ಫ್ರಿಜ್ಜಿನ ಬಾಗಿಲಿನ ರಬ್ಬರು ಕಿತ್ತುಬಂದು ಜೋತಾಡುತ್ತಿತ್ತು. ಬಾಗಿಲನ್ನು ಪ್ಲಾಸ್ಟಿಕ್ ಹಗ್ಗದಲ್ಲಿ ಬಿಗಿದಿದ್ದರು. ಸಂದಿಗೆ ಕೈ ಹಿಡಿದರೆ ತಣ್ಣನೆ ಗಾಳಿ. ಮೋಟಾರು ನಿಲ್ಲದೆ ಗುಂಯ್‌ಗುಡುತ್ತಿತ್ತು. "ನಡೀತದೆ ಬಿಡಿ" ಅಂದರು. ನಡೆಯುತ್ತಿರುವುದು ಫ್ರಿಜ್ಜಲ್ಲ, ಮೀಟರು.

ಪುಣಜನೂರು ಚೆಕ್‌ಪೋಸ್ಟ್ ದಾಟಿ ಕರ್ನಾಟಕಕ್ಕೆ ಹೋದರೆ ತಿಂಗಳಿಗೆ 200 ಯೂನಿಟ್ ಫ್ರೀ ಎಂದು ಕರುಬುವವರಿದ್ದಾರೆ. ಅಲ್ಲಿನ ಗೃಹಜ್ಯೋತಿ ಯೋಜನೆಯಲ್ಲೂ ಹಿಂದಿನ ಬಳಕೆಯ ಸರಾಸರಿಗೆ ಒಂದಿಷ್ಟು ಸೇರಿಸಿದಷ್ಟೇ ಮಾಫಿ. ಬೇಕಾಬಿಟ್ಟಿ ಉರಿಸಿದವರು ಅಲ್ಲೂ ದುಡ್ಡು ಕಟ್ಟುತ್ತಾರೆ.

ದರ ಇಳಿಸಿ ಎಂದು ಸರ್ಕಾರವನ್ನು ಕೇಳೋಣ, ಗಟ್ಟಿಯಾಗಿಯೇ ಕೇಳೋಣ. ಅದಕ್ಕೆ ಮುಂಚೆ ಆ ಕಾರ್ಡಿನ ಮಸಿ ಒರೆಸಿ. ಕಳೆದ ಸಲದ ರೀಡಿಂಗನ್ನು ಇವತ್ತಿನದರಿಂದ ಕಳೆಯಿರಿ. ಐನೂರಕ್ಕೆ ಇನ್ನೆಷ್ಟು ಉಳಿದಿದೆ, ಇಬಿಯವರು ಬರಲು ಇನ್ನೆಷ್ಟು ದಿನ ಇದೆ?