ಹೆಸರಿನ ಮುಂದಿನ 'ಡಾಕ್ಟರ್' ಮತ್ತು ಶಾಲೆಯ ಮುಂದಿನ ಹಾದಿ

ಮನೆಯಲ್ಲೇ ಕುಳಿತು ಡಾಕ್ಟರೇಟ್ ಪಡೆಯಿರಿ ಎಂಬ ಜಾಹೀರಾತುಗಳು ಇಂದು ಸಣ್ಣ ಪಟ್ಟಣಗಳ ಶಿಕ್ಷಕರ ಮೊಬೈಲುಗಳನ್ನೂ ತಲುಪುತ್ತಿವೆ. ಶಾಲಾ ನಾಯಕತ್ವ ಮತ್ತು ಶಿಕ್ಷಣ ನೀತಿ ಎಂಬ ಗಂಭೀರ ಹೆಸರಿನ ಈ ಪದವಿಗಳು ಮುಖ್ಯೋಪಾಧ್ಯಾಯರನ್ನೂ ಶಾಲೆ ನಡೆಸುವ ಆಡಳಿತ ಮಂಡಳಿಗಳನ್ನೂ ಸಹಜವಾಗಿಯೇ ಆಕರ್ಷಿಸುತ್ತವೆ. ಊರು ಬಿಡಬೇಕಾಗಿಲ್ಲ, ಕೆಲಸ ಬಿಡಬೇಕಾಗಿಲ್ಲ, ಶುಲ್ಕವನ್ನು ಕಂತುಗಳಲ್ಲಿ ಕಟ್ಟಿದರೆ ಸಾಕು ಎಂಬ ಮಾತಿಗೆ ಮರುಳಾಗದವರು ವಿರಳ. ಆದ್ದರಿಂದ ಈ ಪದವಿಯ ನಿಜವಾದ ಬೆಲೆಯೇನು ಎಂಬುದನ್ನು ಹಣ ಕಟ್ಟುವ ಮುನ್ನವೇ ವಿಚಾರಿಸುವುದು ಒಳಿತು.

ಮೊದಲಿಗೆ ಒಂದು ಮಾತನ್ನು ಸ್ಪಷ್ಟಪಡಿಸಬೇಕು. ಈ ವಿದ್ಯೆಯನ್ನು ಬಯಸುವುದು ತಪ್ಪಲ್ಲ, ಅದರ ಅಗತ್ಯವಂತೂ ಹಿಂದೆಂದಿಗಿಂತ ಹೆಚ್ಚಿದೆ. 2014ರ ಪ್ರಮತಿ ತೀರ್ಪಿನಲ್ಲಿ ಸುಪ್ರೀಂ ಕೋರ್ಟಿನ ಐವರು ನ್ಯಾಯಾಧೀಶರ ಪೀಠವು ಶಿಕ್ಷಣ ಹಕ್ಕು ಕಾಯ್ದೆಯು ಅಲ್ಪಸಂಖ್ಯಾತ ಶಾಲೆಗಳಿಗೆ ಅನ್ವಯಿಸದು ಎಂದು ಹೇಳಿತ್ತು. 2025ರ ಸೆಪ್ಟೆಂಬರ್ 1ರಂದು ಅದೇ ನ್ಯಾಯಾಲಯದ ಇಬ್ಬರು ನ್ಯಾಯಾಧೀಶರ ಪೀಠವು ಆ ನಿಲುವಿನ ಬಗ್ಗೆಯೇ ಸಂದೇಹ ವ್ಯಕ್ತಪಡಿಸಿ, ವಿಷಯವನ್ನು ವಿಸ್ತೃತ ಪೀಠದ ಪರಿಶೀಲನೆಗೆ ಒಪ್ಪಿಸಿತು. ಇತರ ಶಾಲೆಗಳಲ್ಲಿ ನಿವೃತ್ತಿಗೆ ಐದು ವರ್ಷಗಳಿಗಿಂತ ಹೆಚ್ಚು ಅವಧಿಯಿರುವ ಶಿಕ್ಷಕರು ಎರಡು ವರ್ಷಗಳೊಳಗೆ ಟಿಇಟಿ ತೇರ್ಗಡೆಯಾಗಬೇಕೆಂದೂ ಆದೇಶಿಸಿತು. ನಮ್ಮ ಸಂಸ್ಥೆಗಳ ಶಿಕ್ಷಕರ ಭವಿಷ್ಯವನ್ನೇ ಬದಲಿಸಬಲ್ಲ ಈ ತೀರ್ಪನ್ನು ಓದಿ, ಅರ್ಥೈಸಿ, ಮುಂಚಿತವಾಗಿ ಸಿದ್ಧತೆ ಮಾಡಿಕೊಳ್ಳಬಲ್ಲ ಮುಖ್ಯೋಪಾಧ್ಯಾಯರು ನಮ್ಮಲ್ಲಿ ಎಷ್ಟು ಮಂದಿ ಇದ್ದಾರೆ? ಶಿಕ್ಷಣ ನೀತಿಯ ಅಧ್ಯಯನವೆಂದರೆ ಇದೇ. ಅದು ಅಲಂಕಾರದ ವಸ್ತುವಲ್ಲ.

ಈ ಪದವಿಯ ತವರು ಅಮೆರಿಕ. ಸಂಶೋಧಕರಿಗೆ ಪಿಎಚ್.ಡಿ. ಇರುವಂತೆ, ಶಾಲೆ ನಡೆಸುವವರಿಗಾಗಿ ಇಡಿಡಿ ಎಂಬ ಪ್ರತ್ಯೇಕ ಡಾಕ್ಟರೇಟ್ ಅಲ್ಲಿ ನೂರು ವರ್ಷಗಳ ಹಿಂದೆಯೇ ರೂಪುಗೊಂಡಿತು. 1920ರಲ್ಲಿ ಸ್ಥಾಪನೆಗೊಂಡ ಹಾರ್ವರ್ಡ್‌ನ ಶಿಕ್ಷಣ ವಿಭಾಗವು ಅದಕ್ಕೆ ನಾಂದಿ ಹಾಡಿತು. ಇಂದು ಜಾನ್ಸ್ ಹಾಪ್ಕಿನ್ಸ್‌ನಂತಹ ಹೆಸರಾಂತ ವಿಶ್ವವಿದ್ಯಾನಿಲಯಗಳೂ ಅದನ್ನು ಆನ್‌ಲೈನ್ ಮೂಲಕ ಕಲಿಸುತ್ತಿವೆ. ಒಳ್ಳೆಯ ಕೋರ್ಸುಗಳಲ್ಲಿ ವಿದ್ಯಾರ್ಥಿಯು ತನ್ನದೇ ಶಾಲೆಯ ಒಂದು ಸಮಸ್ಯೆಯನ್ನು ಆಯ್ದುಕೊಂಡು, ಮಾಹಿತಿ ಸಂಗ್ರಹಿಸಿ, ಪರಿಹಾರವನ್ನು ಪ್ರಯೋಗಿಸಿ, ಫಲಿತಾಂಶವನ್ನು ಮಹಾಪ್ರಬಂಧವಾಗಿ ಮಂಡಿಸಬೇಕು. ಎಂಟನೆಯ ತರಗತಿಯ ನಂತರ ಹುಡುಗರು ಶಾಲೆ ಬಿಡುವುದೇಕೆ ಎಂಬ ಪ್ರಶ್ನೆಯೇ ಅಲ್ಲಿ ಸಂಶೋಧನೆಯ ವಿಷಯವಾಗಬಹುದು. ಈ ವಿಧಾನದಿಂದ ನಾವು ಕಲಿಯಬೇಕಾದುದು ಬಹಳಷ್ಟಿದೆ.

ಆದರೆ ಆ ತವರಿನಲ್ಲೇ ಪದವಿಯ ಬಗ್ಗೆ ಕಟು ವಿಮರ್ಶೆ ನಡೆದಿದೆ ಎಂಬುದು ಗಮನಾರ್ಹ. ಕೊಲಂಬಿಯಾದ ಟೀಚರ್ಸ್ ಕಾಲೇಜಿನ ಅಧ್ಯಕ್ಷರಾಗಿದ್ದ ಆರ್ಥರ್ ಲೆವಿನ್ 2005ರಲ್ಲಿ ಪ್ರಕಟಿಸಿದ ವರದಿಯಲ್ಲಿ, ಶಾಲಾ ಆಡಳಿತಗಾರರಿಗಾಗಿ ಇರುವ ಇಡಿಡಿಯನ್ನೇ ಕೈಬಿಡಬೇಕೆಂದು ಶಿಫಾರಸು ಮಾಡಿದರು. ಪದವಿ ಪಡೆದವರಿಗೆ ವೇತನ ಏರುತ್ತದೆ, ವಿಶ್ವವಿದ್ಯಾನಿಲಯಕ್ಕೆ ಶುಲ್ಕ ಸೇರುತ್ತದೆ, ಈ ನಡುವೆ ಗುಣಮಟ್ಟ ಕುಸಿಯುತ್ತದೆ ಎಂಬುದು ಅವರ ಆಕ್ಷೇಪದ ತಿರುಳು. 2007ರಲ್ಲಿ ಹಲವು ವಿಶ್ವವಿದ್ಯಾನಿಲಯಗಳು ಒಂದುಗೂಡಿ ಪದವಿಯ ಸುಧಾರಣೆಗೆ ಕೈಹಾಕಿದವು. ಪದವಿ ಹುಟ್ಟಿದ ನೆಲದಲ್ಲೇ ಪರಿಸ್ಥಿತಿ ಹೀಗಿರುವಾಗ, ಮಧ್ಯವರ್ತಿ ಕಂಪೆನಿಗಳ ಮೂಲಕ ಇಲ್ಲಿಗೆ ಬರುವ ಸರಕಿನ ಗುಣಮಟ್ಟವನ್ನು ಯಾರು ಪರೀಕ್ಷಿಸುತ್ತಾರೆ?

ನಮ್ಮ ದೇಶದ ಕಾನೂನು ಈ ವಿಷಯದಲ್ಲಿ ಸ್ಪಷ್ಟವಾಗಿದೆ. 2022ರ ಅಕ್ಟೋಬರ್‌ನಲ್ಲಿ ಯುಜಿಸಿ ಮತ್ತು ಎಐಸಿಟಿಇ ಜಂಟಿಯಾಗಿ ಎಚ್ಚರಿಕೆ ಹೊರಡಿಸಿ, ಎಡ್‌ಟೆಕ್ ಕಂಪೆನಿಗಳು ವಿದೇಶಿ ಸಂಸ್ಥೆಗಳ ಸಹಯೋಗದಲ್ಲಿ ನೀಡುವ ಆನ್‌ಲೈನ್ ಪಿಎಚ್.ಡಿ.ಗಳಿಗೆ ಮಾನ್ಯತೆಯಿಲ್ಲ ಎಂದು ಸಾರಿದವು. ಅದೇ ವರ್ಷದ ನವೆಂಬರ್‌ನಲ್ಲಿ ಪ್ರಕಟವಾದ ಯುಜಿಸಿ ನಿಯಮಾವಳಿಯು ಇಲ್ಲಿನ ವಿಶ್ವವಿದ್ಯಾನಿಲಯಗಳೂ ದೂರಶಿಕ್ಷಣ ಅಥವಾ ಆನ್‌ಲೈನ್ ಕ್ರಮದಲ್ಲಿ ಪಿಎಚ್.ಡಿ. ನೀಡುವುದನ್ನು ನಿಷೇಧಿಸಿದೆ. ಜ್ಞಾನಕ್ಕಾಗಿ ಕಲಿಯುವುದನ್ನು ಯಾವ ಕಾನೂನೂ ತಡೆಯದು. ಆದರೆ ನೇಮಕಾತಿಯ, ಬಡ್ತಿಯ ಆಸೆಯಿಂದ ಲಕ್ಷಗಟ್ಟಲೆ ಸುರಿಯುವವರು ಈ ಸತ್ಯವನ್ನು ಅರಿತಿರಬೇಕು. ಕೊಲ್ಲಿ ರಾಷ್ಟ್ರಗಳಲ್ಲಿ ಶಿಕ್ಷಕರಾಗಿರುವ ನಮ್ಮವರೂ ತಾವು ದುಡಿಯುವ ದೇಶದ ಮಾನ್ಯತೆಯ ನಿಯಮವನ್ನು ಮೊದಲು ಕೇಳಿ ತಿಳಿಯಬೇಕು.

ಮಾನ್ಯತೆ ಎಂಬುದು ಕೇವಲ ಕಾಗದದ ವ್ಯವಹಾರ ಎನ್ನುವವರು ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾನಿಲಯದ ಪ್ರಕರಣವನ್ನು ನೆನಪಿಸಿಕೊಳ್ಳಲಿ. ಅದು ಸರಕಾರವೇ 1996ರಲ್ಲಿ ಸ್ಥಾಪಿಸಿದ ಸಂಸ್ಥೆ. ಹೀಗಿದ್ದೂ ನಿಯಮ ಮೀರಿ ರಾಜ್ಯದ ಹೊರಗೆ ಕೇಂದ್ರಗಳನ್ನು ನಡೆಸಿದ ಕಾರಣಕ್ಕೆ 2012-13ರ ಬಳಿಕ ಅದಕ್ಕೆ ಮಾನ್ಯತೆಯಿಲ್ಲವೆಂದು ಯುಜಿಸಿ 2015ರಲ್ಲಿ ಪ್ರಕಟಿಸಿತು. 2018ರಲ್ಲಿ ಮಾನ್ಯತೆ ಮರಳಿತು ನಿಜ. ಆದರೆ ನಡುವಿನ ವರ್ಷಗಳಲ್ಲಿ ಓದಿದವರ ಅಲೆದಾಟಕ್ಕೆ ಪರಿಹಾರ ಕೊಟ್ಟವರಾರು? ಸರಕಾರಿ ಸಂಸ್ಥೆಯ ವಿದ್ಯಾರ್ಥಿಗಳ ಪಾಡೇ ಹೀಗಾದರೆ, ವಿಳಾಸವೂ ತಿಳಿಯದ ಕಂಪೆನಿಗೆ ಹಣ ಕಟ್ಟಿದವರ ಪಾಡೇನು?

ಇಲ್ಲಿ ಒಂದು ನ್ಯಾಯಯುತವಾದ ಆಕ್ಷೇಪವಿದೆ. ಪಟ್ಟಣದ ಶಾಲೆಯಲ್ಲಿ ದುಡಿಯುತ್ತಾ, ಮನೆ ಮಕ್ಕಳನ್ನೂ ನೋಡಿಕೊಳ್ಳುವ ಶಿಕ್ಷಕಿಗೆ ವಿಶ್ವವಿದ್ಯಾನಿಲಯದ ಊರಿನಲ್ಲಿ ನೆಲೆಸುವುದು ಸಾಧ್ಯವೇ? ಆನ್‌ಲೈನ್ ದಾರಿಯನ್ನೂ ಮುಚ್ಚಿದರೆ ಆಕೆ ಎಲ್ಲಿಗೆ ಹೋಗಬೇಕು? ಈ ಪ್ರಶ್ನೆಯನ್ನು ತಳ್ಳಿಹಾಕುವಂತಿಲ್ಲ. ಆದರೆ ಉತ್ತರದ ಒಂದು ಭಾಗ ಅದೇ 2022ರ ನಿಯಮಾವಳಿಯಲ್ಲಿದೆ. ಉದ್ಯೋಗದಲ್ಲಿರುವವರು ಅರೆಕಾಲಿಕವಾಗಿ ಪಿಎಚ್.ಡಿ. ಮಾಡಲು ಅದು ಅವಕಾಶ ನೀಡುತ್ತದೆ. ಮಹಿಳೆಯರಿಗೆ ಅವಧಿಯಲ್ಲಿ ಎರಡು ವರ್ಷಗಳ ಹೆಚ್ಚುವರಿ ರಿಯಾಯಿತಿಯೂ 240 ದಿನಗಳವರೆಗಿನ ಹೆರಿಗೆ ರಜೆಯೂ ಅದರಲ್ಲಿದೆ. ಅದಕ್ಕೆ ಬೇಕಾದುದು ಉದ್ಯೋಗದಾತರ ನಿರಾಕ್ಷೇಪಣಾ ಪತ್ರ: ಸಂಶೋಧನೆಗೆ ಸಾಕಷ್ಟು ಸಮಯ ನೀಡುತ್ತೇವೆ, ಅಗತ್ಯ ಬಿದ್ದರೆ ಕೋರ್ಸ್‌ವರ್ಕ್‌ಗಾಗಿ ಕರ್ತವ್ಯದಿಂದ ಬಿಡುಗಡೆ ಮಾಡುತ್ತೇವೆ ಎಂಬ ಭರವಸೆ.

ವಿಪರ್ಯಾಸವೆಂದರೆ ಬಾಗಿಲು ಮುಚ್ಚಿರುವುದು ಬಹಳ ಸಲ ಇಲ್ಲಿಯೇ. ಕಟ್ಟಡದ ಉದ್ಘಾಟನೆಗೆ, ಶಾಮಿಯಾನಕ್ಕೆ, ಸನ್ಮಾನಕ್ಕೆ ಧಾರಾಳವಾಗಿ ವ್ಯಯಿಸುವ ಆಡಳಿತ ಮಂಡಳಿಯು ಶಿಕ್ಷಕಿಯೊಬ್ಬರ ಕೆಲವು ತಿಂಗಳ ರಜೆಗೆ ಹಿಂಜರಿಯುತ್ತದೆ. ಅಲ್ಪಸಂಖ್ಯಾತ ಸಂಶೋಧಕರಿಗೆ 2009ರಿಂದ ದೊರೆಯುತ್ತಿದ್ದ ಮೌಲಾನಾ ಆಝಾದ್ ಫೆಲೋಶಿಪ್ಪನ್ನು 2022-23ರಿಂದ ಕೇಂದ್ರ ಸರಕಾರ ನಿಲ್ಲಿಸಿದಾಗ ನಾವು ಪ್ರತಿಭಟಿಸಿದೆವು. ಪ್ರತಿಭಟನೆ ಸರಿಯಾಗಿಯೇ ಇತ್ತು. ಆದರೆ ನಮ್ಮ ಕೈಯಲ್ಲೇ ಇರುವುದನ್ನು ನಾವು ಕೊಟ್ಟಿದ್ದೇವೆಯೇ ಎಂಬ ಪ್ರಶ್ನೆಯನ್ನೂ ಎದುರಿಸಬೇಕಲ್ಲವೇ?

ಡಾಕ್ಟರೇಟೇ ಬೇಕೆಂಬ ಹಟವೂ ಅನಗತ್ಯ. ಶಾಲಾ ನಾಯಕತ್ವವನ್ನು ಕಲಿಯಲು ಕಡಿಮೆ ಖರ್ಚಿನ, ವಿಶ್ವಾಸಾರ್ಹ ದಾರಿಗಳಿವೆ. ದಿಲ್ಲಿಯ ರಾಷ್ಟ್ರೀಯ ಶೈಕ್ಷಣಿಕ ಯೋಜನೆ ಮತ್ತು ಆಡಳಿತ ಸಂಸ್ಥೆಯು 2012ರಲ್ಲಿ ಶಾಲಾ ನಾಯಕತ್ವ ಕೇಂದ್ರವನ್ನು ಸ್ಥಾಪಿಸಿ, ಮುಖ್ಯೋಪಾಧ್ಯಾಯರಿಗಾಗಿ ಆನ್‌ಲೈನ್ ಕಲಿಕೆಯನ್ನೂ ರೂಪಿಸಿದೆ. ಇಗ್ನೋದಲ್ಲಿ ದೂರಶಿಕ್ಷಣದ ಮೂಲಕ ಶಿಕ್ಷಣ ವಿಷಯದಲ್ಲಿ ಎಂ.ಎ. ಮಾಡಬಹುದು. ಇವು ಹೆಸರಿನ ಮುಂದೆ ಎರಡಕ್ಷರವನ್ನು ಸೇರಿಸಲಾರವು. ಆದರೆ ಕಲಿತದ್ದು ತರಗತಿಯನ್ನು ತಲುಪುತ್ತದೆ.

ಆದ್ದರಿಂದ ಪದವಿಯ ಆಸೆ ಹೊತ್ತ ಶಿಕ್ಷಕರಲ್ಲಿ ನಮ್ಮ ವಿನಂತಿಯಿಷ್ಟೆ. ಮೊದಲ ಕಂತು ಕಟ್ಟುವ ಮುನ್ನ ಮೂರು ಪ್ರಶ್ನೆಗಳನ್ನು ಕೇಳಿರಿ: ಪದವಿ ನೀಡುವ ವಿಶ್ವವಿದ್ಯಾನಿಲಯ ಯಾವುದು? ಅದಕ್ಕೆ ಇಲ್ಲಿ ಮಾನ್ಯತೆಯಿದೆಯೇ? ಮಾರ್ಗದರ್ಶನ ಮಾಡುವವರು ಯಾರು? ಲಿಖಿತ ಉತ್ತರ ದೊರೆಯದಿದ್ದರೆ ಹಿಂದೆ ಸರಿಯಿರಿ. ಆಡಳಿತ ಮಂಡಳಿಗಳಲ್ಲಿಯೂ ಒಂದು ವಿನಂತಿಯಿದೆ. ಪ್ರತಿ ಸಂಸ್ಥೆಯೂ ವರ್ಷಕ್ಕೊಬ್ಬ ಶಿಕ್ಷಕರ ಉನ್ನತ ವ್ಯಾಸಂಗದ ವೆಚ್ಚವನ್ನು ಬಜೆಟಿನಲ್ಲಿ ಕಾದಿರಿಸಲಿ, ವೇತನಸಹಿತ ರಜೆ ನೀಡಲಿ, ನಿರಾಕ್ಷೇಪಣಾ ಪತ್ರಕ್ಕಾಗಿ ಅವರನ್ನು ಅಲೆದಾಡಿಸದಿರಲಿ. ಶಿಕ್ಷಕರಿಗೆ ಓದುವ ದಾರಿ ತೆರೆಯದ ಶಾಲೆಯು ಮಕ್ಕಳಿಗೆ ಓದಿನ ಮಹತ್ವವನ್ನು ಯಾವ ಬಾಯಿಂದ ಹೇಳೀತು?